ಟೈಟಲ್ ಬೀಳುವ ಹೊತ್ತು

ದಾವಣಗೆರೆಯ ವಿದ್ಯಾನಗರದಲ್ಲಿ ವಾಮದೇವಪ್ಪನವರನ್ನು ನಿವೃತ್ತ ಕನ್ನಡ ಪ್ರಾಧ್ಯಾಪಕರೆಂದು ಬಲ್ಲವರಿಗಿಂತ ಟೈಟಲ್ ಮೇಷ್ಟ್ರು ಎಂದು ಬಲ್ಲವರೇ ಹೆಚ್ಚು. ಸಿನಿಮಾದ ಯೋಗ್ಯತೆ ಅದರ ಟೈಟಲ್‌ನಲ್ಲೇ ಗೊತ್ತಾಗುತ್ತದೆ ಎಂಬುದು ಅವರ ಸಿದ್ಧಾಂತ. ಹೆಸರುಗಳು ಒಂದೊಂದಾಗಿ, ಓದಲು ಪುರುಸೊತ್ತು ಕೊಟ್ಟು ಬರಬೇಕು, ಒತ್ತಕ್ಷರ ತಪ್ಪಿರಬಾರದು, ಹಿಂದೆ ಶೀರ್ಷಿಕೆ ಗೀತೆ ಇರಲೇಬೇಕು. ಅರ್ಧ ಗಂಟೆ ಕಥೆ ನಡೆಸಿ ಆಮೇಲೆ ಚಿತ್ರದ ಹೆಸರು ತೋರಿಸುವ ಈಗಿನವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಇದನ್ನೆಲ್ಲ ವಿವರಿಸಿದರೆ, ಪಕ್ಕದಲ್ಲಿ ಕೂತ ಬ್ಯಾಂಕಿನ ನಾಗಭೂಷಣ್ ಹೌದೌದೆಂದು ತಲೆಯಾಡಿಸುತ್ತಿದ್ದರು.

ನಾಗಭೂಷಣ್‌ಗೆ ಗೊತ್ತಿಲ್ಲದ, ಹೆಂಡತಿ ಸರ್ವಮಂಗಳಮ್ಮನಿಗೆ ಮಾತ್ರ ಗೊತ್ತಿದ್ದ ಸಂಗತಿ ಇನ್ನೊಂದಿತ್ತು. ನಿರ್ದೇಶಕರ ಹೆಸರು ಬಂದು ಮರೆಯಾದ ಕೂಡಲೇ ಮೇಷ್ಟ್ರಿಗೆ ನಿದ್ದೆ ಹತ್ತುತ್ತಿತ್ತು. ಟೈಟಲ್ ಮುಗಿಯುವ ತನಕ ಹೆಂಡತಿ ಉಸಿರೆತ್ತುವಂತಿರಲಿಲ್ಲ. ಮುಗಿದ ಮೇಲೆ ಅವರ ಗೊರಕೆ ಪಕ್ಕದವರಿಗೆ ಕೇಳದ ಹಾಗೆ ಆಕೆ ಮೊಣಕೈಯಿಂದ ತಿವಿಯುತ್ತ ಕೂರಬೇಕಿತ್ತು. ಮನೆಗೆ ಬರುವಾಗ ಸಿಟಿ ಬಸ್ಸಿನಲ್ಲಿ ಆಕೆ ಕಥೆ ಹೇಳುತ್ತಿದ್ದರು, ಇವರು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ಕಥೆಯಲ್ಲೇನಿದೆ, ಎಲ್ಲ ಒಂದೇ ಎನ್ನುತ್ತಿದ್ದರು.

ಸರ್ವಮಂಗಳಮ್ಮನ ಅಣ್ಣನ ಮಗ ಮಹಾಂತೇಶ್ ಹರಿಹರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಸೀಮಂತಗಳ ವಿಡಿಯೋ ತೆಗೆದು ತೆಗೆದು ಬೇಸತ್ತು, ಗೆಳೆಯರನ್ನು ಕಟ್ಟಿಕೊಂಡು ಒಂದು ಸಿನಿಮಾ ಮಾಡಿದ. ಉಕ್ಕಡಗಾತ್ರಿಯ ಹೊಳೆದಂಡೆಯಲ್ಲಿ ಚಿತ್ರೀಕರಣವೂ ಮುಗಿಯಿತು. ಆಗ ಅವನಿಗೆ ಮಾವನ ನೆನಪಾಯಿತು. ಅವನಾಗಿ ನೆನಪಿಸಿಕೊಂಡನೋ, ಮಾವನೇ ಫೋನು ಮಾಡಿ ನೆನಪಿಸಿದರೋ, ಎರಡನ್ನೂ ಹೇಳುವವರಿದ್ದಾರೆ.

ಮೇಷ್ಟ್ರು ಹರಿಹರಕ್ಕೆ ಹೋಗಿ ಸ್ಟುಡಿಯೋದಲ್ಲಿ ಕೂತರು. ಪೂರ್ತಿ ಸಿನಿಮಾ ತೋರಿಸುತ್ತೇನೆಂದ ಮಹಾಂತೇಶ್‌ಗೆ, ಅದೇನೂ ಬೇಕಿಲ್ಲ, ಸಾರಾಂಶ ಹೇಳು ಸಾಕು ಎಂದರು. ಅವನು ಹೇಳಿದ: ಬುದ್ಧಿ ಬಂದಾಗಿನಿಂದ ಅಪ್ಪನನ್ನೇ ಕಾಣದ ಹುಡುಗಿಯೊಬ್ಬಳು ಅವನನ್ನು ಹುಡುಕುತ್ತ ಹೊಳೆಯೂರಿಗೆ ಬರುತ್ತಾಳೆ, ದಿನಾ ಅವಳನ್ನು ದಾಟಿಸುವ ಮುದಿ ತೆಪ್ಪದವನೇ ಅವಳ ಅಪ್ಪ, ಅವನಿಗದು ಗೊತ್ತು, ಅವಳಿಗೆ ಗೊತ್ತಾಗುವುದು ಕಟ್ಟಕಡೆಗೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ವಾರದೊಳಗೆ ಶೀರ್ಷಿಕೆ ಗೀತೆಯನ್ನು ತಾವೇ ಬರೆದುಕೊಟ್ಟರು.

ತೆಪ್ಪ ನಡೆಸುವ ಕೈಯೇ ತೊಟ್ಟಿಲು ತೂಗಿದ ಕೈ,
ಎಲ್ಲಿ ಹುಡುಕುವೆ ಮಗಳೆ, ಎದುರಿಗೇ ಕೂತವನ?

ಮಹಾಂತೇಶ್ ಅದನ್ನು ಎರಡು ಸಲ ಓದಿದ. ತಲೆ ಕೆರೆದುಕೊಂಡ.

"ಮಾವ, ಹಾಡು ಭಾಳ ಚಂದ ಐತೆ. ಆದ್ರೆ ಇದು ಕಥೆ ಹೇಳಿಬಿಡ್ತೈತೇನೋ ಅಂತ."

"ಹೇಳ್ಬೇಕಪ್ಪ. ಇಡೀ ಚಿತ್ರದ ತಿರುಳು ಟೈಟಲ್ ಹಾಡಲ್ಲಿ ಇರ್ಬೇಕು. ಇಲ್ದಿದ್ರೆ ಅದನ್ನ ಯಾಕ ಹಾಕ್ಬೇಕು?"

ಮಾವನಿಗೆ ಎದುರಾಡುವ ರೂಢಿ ಆ ಮನೆತನದಲ್ಲಿರಲಿಲ್ಲ. ಹಾಡಿಗೆ ಒಳ್ಳೆಯ ರಾಗ ಕೂಡಿತು, ಹಾಡಿದ ಹುಡುಗಿಯ ಕಂಠವೂ ಒಳ್ಳೆಯದಿತ್ತು.

ಬಿಡುಗಡೆಯ ದಿನ ಹರಿಹರದ ಟಾಕೀಸು ತುಂಬಿತ್ತು. ಅಡುಗೆ ಮಾಡಿದವರು, ದೀಪ ಹಿಡಿದವರು, ಟೆಂಪೋ ಓಡಿಸಿದವರು ಎಲ್ಲರ ಮನೆಮಂದಿಯೂ ಬಂದಿದ್ದರು. ಮೇಷ್ಟ್ರ ಆಣತಿಯಂತೆ ಹೆಸರುಗಳು ಒಂದೊಂದಾಗಿ, ನಿಧಾನವಾಗಿ ಬಂದವು. ಒಂದೊಂದು ಹೆಸರಿಗೂ ಒಂದೊಂದು ಮೂಲೆಯಿಂದ ಸೀಟಿ ಬಿತ್ತು. ಹೊಳೆಯ ಮೇಲೆ ಹಾಡು ತೇಲಿಬಂದಾಗ ಮಾತ್ರ ಎಲ್ಲರೂ ಸುಮ್ಮನಾದರು. ಶೀರ್ಷಿಕೆ ಗೀತೆ ಪ್ರೊ. ವಾಮದೇವಪ್ಪ ಎಂದು ಒತ್ತಕ್ಷರ ತಪ್ಪದೆ ಮೂಡಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಬೀಗರು, ನೆಂಟರು ಹಿಂದಿನಿಂದ ಮುಂದಿನಿಂದ ಕೈ ಕುಲುಕುತ್ತಲೇ ಇದ್ದುದರಿಂದ ಅಂದು ನಿದ್ದೆ ಹತ್ತಲಿಲ್ಲ. ಹಾಗಾಗಿ ಅವರು ಸಿನಿಮಾ ನೋಡಬೇಕಾಯಿತು. ಹುಡುಗಿ ಬಸ್ಸಿಳಿದು, ಮಾಸಿದ ಚೀಲ ಎದೆಗವಚಿಕೊಂಡು ದಂಡೆಗೆ ಬಂದಳು. ತೆಪ್ಪದವನು ಅವಳ ಮುಖ ನೋಡಿದವನೇ ಹುಟ್ಟು ಹಾಕುವುದನ್ನು ಮರೆತ. ಮೇಷ್ಟ್ರು ಮುಂದಕ್ಕೆ ಬಾಗಿ ಕೂತರು. ಅವನ ಆ ನೋಟಕ್ಕೆ ಕಾರಣವೇನೆಂದು ತಿಳಿಯದೆ ನೋಡುವ ಭಾಗ್ಯ ತಮಗಿಲ್ಲವಲ್ಲ ಎಂದು ಮೊದಲ ಬಾರಿಗೆ ಅನಿಸಿತು.

ಅಷ್ಟರಲ್ಲಿ ಪರದೆಯ ಮೇಲಿನ ಹುಡುಗಿ, ಅಜ್ಜಾ, ನಮ್ಮಪ್ಪನ್ನ ಎಲ್ಲಾರ ಕಂಡೀರಾ ಎಂದು ಅವನನ್ನೇ ಕೇಳಿದಳು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕನಿಕರದಿಂದಲೇ ಹೇಳಿದಳು: "ಅವನೇ ಕಣವ್ವ ನಿಮ್ಮಪ್ಪ. ಹಾಡಲ್ಲೇ ಹೇಳಿದ್ರಲ್ಲ."

ಟಾಕೀಸೆಲ್ಲ ನಕ್ಕಿತು. ಆಮೇಲೆ ಹಿಡಿಯುವವರೇ ಇಲ್ಲ. ಹುಡುಗಿ ಎಡಕ್ಕೆ ಹೋದರೆ, ಅಲ್ಲಲ್ಲ, ತೆಪ್ಪದ ಕಡೆ ಹೋಗು ಎಂದರು. ಊರ ಗೌಡರ ಬಳಿ ವಿಚಾರಿಸಿದರೆ, ಇವಳಿಗೆ ಕಿವಿ ಕೇಳಿಸಲ್ವೇನೋ ಎಂದರು. ಕೊನೆಯಲ್ಲಿ ಮಗಳು ಅಪ್ಪನ ಕೈ ಹಿಡಿದುಕೊಂಡಾಗ ಅಳಬೇಕಾದವರೆಲ್ಲ, ಸದ್ಯ ಗೊತ್ತಾಯ್ತಲ್ಲ ಎಂದು ಚಪ್ಪಾಳೆ ತಟ್ಟಿದರು.

ಹೊರಗೆ ಮಹಾಂತೇಶ್ ಪೋಸ್ಟರಿಗೆ ಒರಗಿ ನಿಂತಿದ್ದ. ಯಾರನ್ನೂ ದೂರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಮೇಷ್ಟ್ರಿಗೆ. ಟಾಕೀಸಿನ ಮ್ಯಾನೇಜರ್ ಜಮಾಲ್ ಸಾಬ್ ಬಂದು, ಹಾಡು ಒಳ್ಳೇದೈತೆ ಸಾರ್, ಆದರೆ ಅಷ್ಟು ಜಲ್ದಿ ಯಾಕ ಹೇಳಿದಿರಿ ಎಂದು ವಿನಯದಿಂದ ವಿಚಾರಿಸಿದರು. ಗಂಡ ಹೆಂಡತಿ ದಾವಣಗೆರೆಯ ಬಸ್ಸು ಹತ್ತಿದರು. ಕೂತ ಮೇಲೆ ಸರ್ವಮಂಗಳಮ್ಮ ಸೆರಗು ಸರಿಮಾಡಿಕೊಂಡು ಅಂದರು: "ಇಷ್ಟು ವರ್ಷ ನಾನು ನಿಮಗೊಬ್ರಿಗೇ ಕಥೆ ಹೇಳ್ತಿದ್ದೆ. ನೀವು ಒಂದೇ ಸಲಕ್ಕೆ ಊರಿಗೆಲ್ಲ ಹೇಳಿಬಿಟ್ರಿ."

ಆ ರಾತ್ರಿ ಮೇಷ್ಟ್ರು ಸರಿಯಾಗಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವರೇ ಮಹಾಂತೇಶ್‌ಗೆ ಫೋನು ಮಾಡಿ, ಹಾಡನ್ನೂ ಹೆಸರುಗಳನ್ನೂ ಎತ್ತಿ ಕೊನೆಗೆ ಹಾಕು ಎಂದರು. ಆ ಕಡೆ ಮಹಾಂತೇಶ್, ಅದನ್ನೇ ಹೆಂಗೆ ಕೇಳೋದು ಅಂತ ಇದ್ದೆ ಮಾವ ಎಂದ.

ಬದಲಾದ ಸಿನಿಮಾ ನೋಡಲು ಮುಂದಿನ ವಾರ ಗಂಡ ಹೆಂಡತಿ ಮತ್ತೆ ಹರಿಹರಕ್ಕೆ ಹೋದರು. ನೆಂಟರೆಲ್ಲ ನೋಡಿ ಮುಗಿಸಿದ್ದರಿಂದ ಬಂದವರು ಬರೀ ಪ್ರೇಕ್ಷಕರು. ಹುಡುಗಿ ಅದೇ ಪ್ರಶ್ನೆ ಕೇಳಿದಳು. ಯಾರೂ ಬಾಯಿ ಹಾಕಲಿಲ್ಲ. ತೆಪ್ಪದವನು ಉತ್ತರ ಕೊಡದೆ ನೀರು ನೋಡಿದಾಗ ಟಾಕೀಸಿಗೆ ಟಾಕೀಸೇ ಅವನೊಂದಿಗೆ ನೀರು ನೋಡಿತು. ಕೊನೆಯಲ್ಲಿ ಪಕ್ಕದ ಅಪರಿಚಿತ ಹೆಂಗಸು ಬಿಕ್ಕಿದಳು, ಸರ್ವಮಂಗಳಮ್ಮ ಕಣ್ಣೊರೆಸಿಕೊಂಡರು. ಎಲ್ಲ ಮೊದಲೇ ಗೊತ್ತಿದ್ದರೂ ಮೇಷ್ಟ್ರು ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡರು.

ಆಗ ಹಾಡು ಶುರುವಾಯಿತು. ಅದರ ಜೊತೆಗೇ ದೀಪಗಳು ಹತ್ತಿದವು, ಬಾಗಿಲುಗಳು ತೆರೆದವು, ಜನ ಚಪ್ಪಲಿ ಹುಡುಕಿಕೊಂಡು ಎದ್ದರು. ಬಸ್ಸು ತಪ್ಪುತ್ತದೆಂದು ಯಾರೋ ಅವಸರ ಮಾಡಿದರು. ಪ್ರೊ. ವಾಮದೇವಪ್ಪ ಎಂಬುದು ಹೊರಡುತ್ತಿದ್ದವರ ತಲೆಗಳ ಮೇಲೆ ಮೂಡಿ ಹೋಯಿತು. ಕೂತಿದ್ದವರು ಇವರಿಬ್ಬರೇ. ಸರ್ವಮಂಗಳಮ್ಮ ಹಾಡು ಮುಗಿಯುವ ತನಕ ಕದಲಲಿಲ್ಲ.

ಸಿನಿಮಾ ಹರಿಹರದಲ್ಲಿ ಚೆನ್ನಾಗಿ ಓಡಿತು. ದಾವಣಗೆರೆಗೂ ಬರುತ್ತದೆಂದು ಸುದ್ದಿಯಾಯಿತು. ಪಾರ್ಕಿನ ಬೆಂಚಿನ ಮೇಲೆ ಮೇಷ್ಟ್ರು ಹೊಸ ಹುರುಪಿನಿಂದ ಕೂತರು. ಟೈಟಲ್ ಎನ್ನುವುದು ಕೊನೆಗೇ ಬರಬೇಕು, ಮೊದಲೇ ತೋರಿಸುವುದೆಂದರೆ ಎಲೆ ಹಾಕಿ ಕೂರಿಸಿ ಅಡುಗೆಯವರ ಹೆಸರು ಓದಿದ ಹಾಗೆ ಎಂದು ವಿವರಿಸಿದರು. ನಾಗಭೂಷಣ್ ಅಭ್ಯಾಸಬಲದಿಂದ ತಲೆಯಾಡಿಸಿ, ಆಮೇಲೆ ತಡೆದರು.

"ಅಲ್ಲ ಮೇಷ್ಟ್ರೇ, ನೀವು ಮೊದ್ಲು ಬೇರೆ ಹೇಳ್ತಿದ್ರಲ್ಲ?"

"ಯಾವಾಗ?" ಎಂದರು ಮೇಷ್ಟ್ರು.

ನಾಗಭೂಷಣ್ ಸಜ್ಜನರು, ಮುಂದುವರಿಸಲಿಲ್ಲ. ಹೋಗಲಿ, ನಾನಿನ್ನೂ ಸಿನಿಮಾ ನೋಡಿಲ್ಲ, ಬಂದಾಗ ಮನೆಯವರ ಜೊತೆ ಹೋಗುತ್ತೇನೆ, ಹೇಗಿದೆ ಎಂದಷ್ಟೇ ಕೇಳಿದರು. ಜೀವನದಲ್ಲಿ ಒಂದು ಸಿನಿಮಾವನ್ನು ಪೂರ್ತಿ, ಅದೂ ಎರಡು ಸಲ ನೋಡಿದ ಮೇಷ್ಟ್ರಿಗೆ ಹೇಳದಿರಲು ಆದೀತೇ? ಕಾಲು ಮಡಚಿ ಬೆಂಚಿನ ಮೇಲೆ ಸರಿಯಾಗಿ ಕೂತರು.

"ಕೇಳ್ರಿ. ಒಬ್ಬ ತೆಪ್ಪದವನು ಇರ್ತಾನೆ. ಅವನೇ ಆ ಹುಡುಗಿ ಅಪ್ಪ. ಅದನ್ನ ತಲೇಲಿ ಇಟ್ಕೊಳ್ರಿ, ಈಗ ಕಥೆ ಹೇಳ್ತೀನಿ."