ಬೇಡ ಎನ್ನುವ ಬಾಯಿ

ಕಿಟಕಿಯಾಚೆ ಕೆಂಪು ಕೊಡೆಯೊಂದು ನಿಂತಿತು, ಹಿಂದೆಯೇ ಪ್ರವಾಸಿಗಳ ಹಿಂಡು, ಗೈಡಿನ ಗಂಟಲು ಗಾಜು ದಾಟಿ ಬರುತ್ತಿದೆ, ನೋಡಿ ಇಲ್ಲಿ, ಕೋಪನ್‌ಹೇಗನ್ನಿನ ಪುಂಡ ಕೇರಿ ಇದು, ಸೈನ್ಯ ಖಾಲಿ ಮಾಡಿದ ಜಾಗಕ್ಕೆ ಬೇಲಿ ಹಾರಿ ಬಂದ್ರು, ಇಲ್ಲಿ ಮನೆ ಯಾರ ಸ್ವತ್ತೂ ಅಲ್ಲ — ಹೌದಪ್ಪಾ, ಯಾರದೂ ಅಲ್ಲ, ಅಂದುಕೊಂಡಳು ಸಿಸೆಲ್, ಅದಕ್ಕೇ ನನ್ನಮ್ಮ ಟೋವ ಸತ್ತು ತಿಂಗಳಾಗುವ ಮೊದಲೇ ನೆರೆಯವರೆಲ್ಲ ಈ ಅಡುಗೆಮನೆಯಲ್ಲಿ ಕೂತು, ಕಾಫಿ ಕುಡಿಯುತ್ತ, ಅವಳ ಮನೆಯನ್ನು ಯಾವುದೋ ಹೊಸ ಜೋಡಿಗೆ ಕೊಡುತ್ತಿರುವುದು. ಕೆಡವಿದ ಕಟ್ಟಡಗಳಿಂದ ಹೊತ್ತು ತಂದ ಕಿಟಕಿಗಳು, ಒಂದರಂತೆ ಇನ್ನೊಂದಿಲ್ಲ, ಅಮ್ಮನೇ ಕೂರಿಸಿದ್ದು, ಆ ಕಿಟಕಿಗಳ ಕೆಳಗೇ ನಾನು ಹುಟ್ಟಿದ್ದು, ಕೊನೆಗೆ ಅಲ್ಲೇ ಅವಳ ಹೇಲು ಉಚ್ಚೆ ಬಳಿದದ್ದು, ಆದರೂ ಹದಿನೆಂಟಕ್ಕೆ ಹೊರಗೆ ಹೋದವಳು ಇಲ್ಲಿ ಅತಿಥಿ, ಅತಿಥಿಗೆ ಸಭೆಯಲ್ಲಿ ಮಾತಿಲ್ಲ. ಹೆತ್ತವರ ಮನೆ ಮಕ್ಕಳಿಗೆ ಅಂದ್ರೆ ನಾವೂ ಸಾಹುಕಾರರೇ ಆದ್ವಲ್ರೋ, ಎಂದು ಮೇಜು ಗುದ್ದಿ ಆ ನಿಯಮ ಮಾಡಿಸಿದವಳು ಅಮ್ಮನೇ, ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮಾಡಿಸಿದಳು, ಪುಣ್ಯಾತ್ಗಿತ್ತಿ.

ಕೈ ಎತ್ತುವುದು, ಎಣಿಸುವುದು ಇಲ್ಲಿಲ್ಲ, ಎಲ್ಲರೂ ಒಪ್ಪಬೇಕು, ಕೇರಿಯವರಲ್ಲಿ ಒಬ್ಬರು ಬೇಡ ಅಂದರೂ ಮಾತು ಅಲ್ಲಿಗೇ ನಿಂತಂತೆ, ಒಂದೇ ಒಂದು ಬೇಡ ಸಾಕು ನನಗೆ — ಎದುರಿಗೆ ಪ್ರೆಬೆನ್, ಗಡ್ಡದ ತುಂಬ ದಾಲ್ಚಿನ್ನಿ ಬನ್ನಿನ ಪುಡಿ, ಅಮ್ಮನ ಜೊತೆ ಬೇಲಿ ಹಾರಿದವನು, ಕುಡಿದು ಸೌದೆ ಕೊಟ್ಟಿಗೆಗೆ ಬೆಂಕಿ ಇಟ್ಟವನು, ಆಗ ಕೇರಿಗೆ ಕೇರಿಯೇ ಅವನನ್ನು ಆಚೆ ಹಾಕಿ ಅಂದಿತ್ತು, ಬೇಡ ಅಂದವಳು ಟೋವ ಒಬ್ಬಳೇ, ಹಟಮಾರಿ, ಮಂದಬುದ್ಧಿ, ಏನೆಲ್ಲ ಅನ್ನಿಸಿಕೊಂಡಳು, ಕದಲಲಿಲ್ಲ, ಅವನು ಉಳಿದ. ಅಮ್ಮನನ್ನು ಹೂಳುವಾಗ ನನ್ನ ಭುಜ ಹಿಡಿದು ಅಂದಿದ್ದ, ನಾನಿದ್ದೀನಿ ಕಣೇ ಹುಡುಗಿ, ಯಾಕೆ ಹೆದರ್ತೀಯ. ಇದ್ದೀಯಲ್ಲ, ಕಾಣುತ್ತಿದ್ದೀಯ, ಆ ಬಾಯಿ ಅಗಿಯುತ್ತಿದೆ, ನಿಲ್ಲುತ್ತಿದೆ, ಮತ್ತೆ ಅಗಿಯುತ್ತಿದೆ. ಸರಿ ಹಾಗಾದ್ರೆ, ಅಂದಳು ಸಭೆ ನಡೆಸುವ ಗ್ರೇಟೆ, ಯಾರಿಗಾದ್ರೂ ಬೇಡ ಅನ್ನೋದಿದ್ಯಾ, ಈಗ್ಲೇ ಹೇಳ್ಬಿಡಿ, ಆಮೇಲೆ ಹಿಂದಿನಿಂದ ಗೊಣಗ್ಬಾರ್ದು. ಯಾರೋ ಚಮಚ ತಿರುಗಿಸಿದರು, ಇನ್ಯಾರೋ ತಮ್ಮ ಬೂಟು ನೋಡಿಕೊಂಡರು, ಪ್ರೆಬೆನ್ ತಲೆ ಎತ್ತಿದ, ನನ್ನನ್ನೇ ನೋಡಿದ, ಹೇಳು, ಹೇಳೋ, ಅವಳು ಹೇಳಿರಲಿಲ್ಲವೇ ನಿನಗಾಗಿ, ಬಾಯಿ ತೆರೆಯಿತು, ಹಳದಿ ಹಲ್ಲು, ನಾಲಗೆ, ತೆರೆಯಿತು, ಕೈ ಮೇಲೆ ಬಂತು, ಉಳಿದಿದ್ದ ಬನ್ನನ್ನು ಒಳಕ್ಕೆ ತುರುಕಿಕೊಂಡ, ಆ ಬಾಯಿ, ತುಂಬಿದ ಬಾಯಿ, ಅಗಿಯುತ್ತಿರುವ ಆ ಬಾಯಿ —