ದೇವರ ಮನೆಯಲ್ಲಿ ನಾಲ್ಕು ಲಕೋಟೆ

“ಇಳಿಯೇ. ಮೂಗು ಮುಚ್ಕೊಂಡು ಏನ್ ನೋಡ್ತಿದೀಯ? ನಿಮ್ಮೋರಿಗೆ ಇದೇನ್ ಹೊಸದಾ?”

ಸತ್ಯನಾರಾಯಣ ಹತ್ತು ಅಡಿ ದೂರದಲ್ಲಿ ನಿಂತು, ಕರವಸ್ತ್ರದಿಂದ ತನ್ನ ಮೂಗನ್ನು ಒತ್ತಿಕೊಂಡೇ ಹೇಳಿದ. ಚಂಪಾ ಕಾಂಕ್ರೀಟಿನ ಮುಚ್ಚಳವನ್ನು ಹಾರೆಯಿಂದ ಮೀಟಿ ಪಕ್ಕಕ್ಕೆ ತಳ್ಳಿದಳು. ಅವನ ಮೋಟೆಲಿನ ಹದಿನೆಂಟು ಕೋಣೆಗಳ ಕಕ್ಕಸು ಬಂದು ಸೇರುವ ಗುಂಡಿ ಎರಡು ದಿನದಿಂದ ಉಕ್ಕುತ್ತಿತ್ತು. ಉಕ್ಕಿದ್ದು ಕೆಲಸದವರು ವಾಸವಿದ್ದ ಕ್ಯಾರವಾನ್ ಗಾಡಿಗಳ ಮೆಟ್ಟಿಲವರೆಗೆ ಹರಿದು, ಬಿಸಿಲಿಗೆ ಕೆನೆಗಟ್ಟಿ ನಿಂತಿತ್ತು.

“ಪಂಪಿನ ಲಾರಿ ಕರೆಸ್ಬೌದಲ್ಲಾ ಸಾ?”

“ಅಡಿಲೇಡಿಂದ ಬರ್ಬೇಕು ಅದು. ಎಲೆಕ್ಷನ್ ಟೈಮಲ್ಲಿ ಹೇಲಿನ ಲಾರಿ ನನ್ ಗೇಟ್ ಮುಂದೆ ನಿಂತ್ರೆ ಊರಿಗೆಲ್ಲ ಗೊತ್ತಾಗಲ್ವಾ? ಮಧ್ಯಾಹ್ನ ಮೂರು ಗಂಟೆಗೆ ಗೆಸ್ಟ್ಸ್ ಬರ್ತಾರೆ. ಅಷ್ಟರಲ್ಲಿ ಬಕೆಟಲ್ಲಿ ಎತ್ತಿ ಹಿಂದಿನ ಹಳ್ಳಕ್ಕೆ ಸುರಿ.”

ಬ್ರೂಕರ್ಸ್ ವೆಲ್ ಎಂಬ ಆ ಊರಿಗೆ ಈವರೆಗೆ ಆಡಳಿತ ನಡೆಸುವ ಕೌನ್ಸಿಲ್ಲೇ ಇರಲಿಲ್ಲ. ಕೆಂಪು ಮಣ್ಣಿನ ಬಯಲು, ಮುಚ್ಚಿಹೋಗಿ ಮತ್ತೆ ತೆರೆದ ತಾಮ್ರದ ಗಣಿ, ಒಂದು ಪೆಟ್ರೋಲ್ ಬಂಕು, ಒಂದು ಮೋಟೆಲು. ಗಣಿಗೆ ಜನ ಬಂದ ಮೇಲೆ ಈ ವರ್ಷ ಮೊದಲ ಚುನಾವಣೆ ಬಂದಿತ್ತು. ಸತ್ಯನಾರಾಯಣ ನಿಂತಿದ್ದ. ಅವನ ಕರಪತ್ರದ ಮೊದಲ ಸಾಲು, ‘ಶುಚಿಯಾದ ಊರು, ಮೊದಲ ದಿನದಿಂದಲೇ.’ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಬೇಕಾದವರ ಹೆಸರಿನ ಮುಂದೆ ಒಂದು ಎಂದು ಬರೆದು, ಲಕೋಟೆಗೆ ಸಹಿ ಹಾಕಿ ಅಂಚೆಗೇ ಹಾಕಬೇಕು. ಈ ದೇಶದ ಪೌರರಲ್ಲದವರೂ ಹೆಸರು ಬರೆಸಿಕೊಂಡಿದ್ದರೆ ಓಟು ಹಾಕಬಹುದು. ತನ್ನ ನಾಲ್ವರು ಕೆಲಸದವರ ಹೆಸರನ್ನು ಸತ್ಯನಾರಾಯಣನೇ ಮುತುವರ್ಜಿಯಿಂದ ಬರೆಸಿದ್ದ.

ಮೂರು ದಿನದ ಹಿಂದೆ ನಾಲ್ವರನ್ನೂ ಹಾಸಿಗೆ ಬಟ್ಟೆಯ ಕೋಣೆಗೆ ಕರೆದು ಲಕೋಟೆ ಮುಂದಿಟ್ಟಿದ್ದ.

“ಇಲ್ಲಿ ಸೈನ್ ಹಾಕಿ. ಒಳಗಿನ ಪೇಪರ್ ನಾನ್ ತುಂಬ್ತೀನಿ.”

ತೋಟ ನೋಡಿಕೊಳ್ಳುವ ಲಿಂಗರಾಜ ಜೊತೆಗಿದ್ದ ಚೀಟಿಯನ್ನು ಓದಿ ತಡವರಿಸಿದ. “ಸಾರ್, ನಮ್ ಓಟು ನಾವೇ ತುಂಬ್ಬೇಕು ಅಂತ ಬರದವ್ರೆ.”

“ನಿನ್ ವೀಸಾ ಫಾರಂ ಯಾರಪ್ಪಾ ತುಂಬಿದ್ದು, ಲಿಂಗರಾಜ?”

ಲಿಂಗರಾಜ ಸಹಿ ಹಾಕಿದ. ಬಾಣಸಿಗ ಉತ್ತಮ್ ಹಾಕಿದ. ಬಟ್ಟೆ ಒಗೆಯುವ ನಾಗಮ್ಮ ಹಾಕಿದಳು. ಚಂಪಾಳೂ ಹಾಕಿದಳು.

ವೀಸಾ ಕಾಗದದಲ್ಲಿ ಅವಳು ಇವತ್ತಿಗೂ ಅಡುಗೆಯವಳೇ. ಬಂದ ವಾರ ಅವಳು ಮಾಡಿದ ಬಸ್ಸಾರನ್ನು ಸತ್ಯನಾರಾಯಣನ ಹೆಂಡತಿ ಶಾರದಾ ಮೂರು ಸಲ ಹಾಕಿಸಿಕೊಂಡಿದ್ದಳು. ಎಂಟನೆಯ ದಿನ ಕೈ ತೊಳೆಯುತ್ತಾ ಕೇಳಿದಳು: “ನಿಮ್ ಮನೆ ಊರೊಳಗಾ, ಊರಾಚೆನಾ?” ಚಂಪಾ ನಿಜ ಹೇಳಿದಳು. ಮರುದಿನ ಸಾರಿನ ಪಾತ್ರೆ ಸಾರಿನ ಸಮೇತ ಕಸದ ಡಬ್ಬಿಯಲ್ಲಿತ್ತು. ಅವಳ ಕೈಗೆ ಕಕ್ಕಸಿನ ಬ್ರಷ್ ಬಂತು. ಆಗಿನಿಂದ ಹದಿನಾಲ್ಕು ತಿಂಗಳು.

ಮಧ್ಯಾಹ್ನ ತಿರುಗಿತು. ಮೊಣಕಾಲಿನವರೆಗೂ ಇಳಿದು ಮೊಗೆದಳು, ಹತ್ತಿ ಬಂದು ಸುರಿದಳು, ಮತ್ತೆ ಇಳಿದಳು. ರಬ್ಬರ್ ಬೂಟಿನ ಒಳಗೂ ನುಗ್ಗಿ ಬೆರಳ ಸಂದಿಯಲ್ಲಿ ಬೆಚ್ಚಗೆ ಪಿಚಪಿಚ ಎನ್ನುತ್ತಿತ್ತು. ಬಾಯಿಯ ಸುತ್ತ ನೊಣ. ಎರಡು ಸಲ ವಾಂತಿ ಮಾಡಿಕೊಂಡಳು. ಅದನ್ನೂ ಅವಳೇ ಎತ್ತಿದಳು. ನಾಗಮ್ಮ ಟೀ ತಂದು ದೂರದಲ್ಲಿಟ್ಟು, ಪೊರಕೆಯ ಹಿಡಿಯಿಂದ ಲೋಟವನ್ನು ಮುಂದಕ್ಕೆ ನೂಕಿದಳು.

“ಬೋ ನಾತ ಕಣವ್ವಾ. ಮುಟ್ಟಕಾಗಕಿಲ್ಲ.”

“ಇವತ್ತೇನೋ ನಾತ. ನೆನ್ನೆ ಯಾಕ್ ಮುಟ್ನಿಲ್ಲ?”

ನಾಗಮ್ಮ ಪೊರಕೆ ಎತ್ತಿಕೊಂಡು ಒಗೆಯುವ ಕೋಣೆಯ ಬಾಗಿಲಿಗೆ ಹಿಂದಿರುಗಿದಳು.

ಮೂರು ಗಂಟೆಗೆ ಕಾರುಗಳು ಬಂದವು. ಮೋಟೆಲಿಗೆ ಅಂಟಿಕೊಂಡಿದ್ದ ಸತ್ಯನಾರಾಯಣನ ಮನೆಯ ಹಿಂಬಾಗಿಲಿನಲ್ಲಿ ಅವನ ಮಗಳು ಪೂರ್ವಿ ಇಣುಕಿದಳು. “ಯಕ್! ಮಮ್, ದಟ್ಸ್ ಸೋ ಡಿಸ್‌ಗಸ್ಟಿಂಗ್!”

“ಒಳಗ್ ಬಾರೇ, ಮೈಲಿಗೆ!” ಎಂದು ಶಾರದಾ ಎಳೆದುಕೊಂಡಳು. ಊದುಬತ್ತಿಯ ಹೊಗೆ ಹೊರಗೆ ಹೋಗಲೆಂದು ಬಾಗಿಲನ್ನು ತೆರೆದೇ ಬಿಟ್ಟರು.

ಚಂಪಾಳಿಗೆ ನೇರವಾಗಿ ದೇವರ ಮನೆ ಕಂಡಿತು. ಬೆಳ್ಳಿ ತಟ್ಟೆಯಲ್ಲಿ ನಾಲ್ಕು ಲಕೋಟೆ. ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನಿಂದ ಬಂದಿದ್ದ, ಪೌರೋಹಿತ್ಯವನ್ನೂ ಮಾಡುವ ಡಾಕ್ಟರ್ ಬಾಲಸುಬ್ರಹ್ಮಣ್ಯ ಮಂತ್ರ ಹೇಳುತ್ತಾ ಅಕ್ಷತೆ ಹಾಕುತ್ತಿದ್ದ.

“ಪೋಸ್ಟ್ ಮಾಡೋಕ್ ಮುಂಚೆ ಸ್ವಾಮಿ ಪಾದಕ್ಕೆ ಮುಟ್ಟಿಸ್ಬಿಡೋಣ ಅಂಕಲ್,” ಎಂದ ಸತ್ಯನಾರಾಯಣ. ಮೇಲಿದ್ದ ಲಕೋಟೆಯಲ್ಲಿ ಅವಳದೇ ಡೊಂಕು ಸಹಿ. ಅದರ ಮೇಲೆ ಶಾರದಾ ಕುಂಕುಮ ಇಟ್ಟಳು.

“ನೋಡೇ ನಾಗಿ,” ಎಂದು ಚಂಪಾ ಬಾಗಿಲಲ್ಲಿದ್ದ ನಾಗಮ್ಮನಿಗೆ ಹೇಳಿದಳು. “ನನ್ನೆಸ್ರು ದ್ಯಾವ್ರ ಮುಂದೆ ಕುಂತೈತೆ. ನಾನು ಹೇಲ್‌ಗುಂಡೀಲಿ ನಿಂತಿವ್ನಿ.”

ಬಕೆಟನ್ನು ಬಿಟ್ಟಳು. ಮನೆಯ ಮೆಟ್ಟಿಲು ಹತ್ತಿದಳು. ಬಿಳಿ ಟೈಲ್ಸಿನ ಮೇಲೆ ಬೂಟಿನ ಹೆಜ್ಜೆಗಳು ಒಂದೊಂದಾಗಿ ಮೂಡಿದವು. ಶಾರದಾ ಕಿರುಚಿದಳು. ಡಾಕ್ಟರು ತಟ್ಟೆ ಬಿಟ್ಟು ಗೋಡೆಗೆ ಒರಗಿದ.

“ಏಯ್! ಎಲ್ಲಿಗೆ ನುಗ್ತೀಯೇ, ಸೂಳೆಮುಂಡೆ! ಹೋಗ್, ಆಚೆ ಹೋಗ್!” ಸತ್ಯನಾರಾಯಣ ಅರಚಿದ.

ಅವಳನ್ನು ತಡೆಯಬೇಕಿದ್ದರೆ ಮುಟ್ಟಬೇಕಿತ್ತು. ಯಾರೂ ಮುಟ್ಟಲಿಲ್ಲ. ದಾರಿ ತಾನಾಗಿಯೇ ತೆರೆದುಕೊಂಡಿತು. ಚಂಪಾ ನಾಲ್ಕೂ ಲಕೋಟೆ ಎತ್ತಿಕೊಂಡಳು.

“ನಾಳೆನೇ ನಿನ್ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ!”

“ಮಾಡ್ಸು. ಅಡ್ಗೆಯೋಳು ಅಂತ ಬರ್ಸಿ ಗುಂಡಿಗಿಳ್ಸಿದ್ನ ನಾನೂ ಅಲ್ಲೇ ಯೋಳ್ತೀನಿ.”

ಹೊರಗೆ ಬಂದು, ಸರಿಸಿಟ್ಟಿದ್ದ ಕಾಂಕ್ರೀಟಿನ ಮುಚ್ಚಳದ ಮೇಲೆ ಕುಳಿತಳು. ತನ್ನ ಲಕೋಟೆಯನ್ನು ಹರಿದಳು. ಒಳಗೆ ಸತ್ಯನಾರಾಯಣನ ಹೆಸರಿನ ಮುಂದೆ ನೀಲಿ ಶಾಯಿಯಲ್ಲಿ ದಪ್ಪಗೆ ಒಂದು ಎಂದು ಬರೆದಿತ್ತು. ಆ ಕಾಗದವನ್ನು ಗುಂಡಿಗೆ ಬಿಟ್ಟಳು. ಅದು ಮುಳುಗಲಿಲ್ಲ, ಮೇಲೆಯೇ ತೇಲಿತು. ಉಳಿದ ಮೂರನ್ನು ತೆರೆಯಲಿಲ್ಲ.

“ಲಿಂಗರಾಜಾ!”

ಕ್ಯಾರವಾನಿನ ಪರದೆ ಸರಕ್ಕನೆ ಮುಚ್ಚಿತು.

“ಉತ್ತಮೂ! ನಿನ್ ಕಾಗ್ದ ಇಲ್ಲೈತೆ, ಬಾರೋ!”

ಅಡುಗೆಮನೆಯಲ್ಲಿ ನಲ್ಲಿಯ ನೀರು ಇನ್ನಷ್ಟು ಜೋರಾಗಿ ಬಿಟ್ಟ ಸದ್ದು.

“ನಾಗಮ್ಮಾ!”

ನಾಗಮ್ಮ ಒಗೆಯುವ ಕೋಣೆಯ ಬಾಗಿಲಲ್ಲೇ ಇದ್ದಳು. ಮನೆಯ ಕಡೆ ನೋಡಿದಳು. ಅಲ್ಲಿ ಸತ್ಯನಾರಾಯಣ ಫೋನ್ ಹಿಡಿದು ಯಾರಿಗೋ ಕೂಗಾಡುತ್ತಿದ್ದ, ಕಣ್ಣು ಮಾತ್ರ ನಾಗಮ್ಮನ ಮೇಲೇ ಇತ್ತು. ನಾಗಮ್ಮ ಹರಿದು ನಿಂತ ಕೊಳಕನ್ನು ದಾಟಿ, ಚಪ್ಪಲಿ ಅದ್ದಿಕೊಂಡೇ, ಹತ್ತಿರ ಬಂದಳು. ಲಕೋಟೆಯನ್ನು ನೋಡಿದಳು. ಅಂಚಿಗೆಲ್ಲ ಚಂಪಾಳ ಬೆರಳಿನ ಗುರುತು ಹತ್ತಿತ್ತು, ಕಂದುಬಣ್ಣದಲ್ಲಿ, ಹಸಿಹಸಿಯಾಗಿ.

“ಕೈ ತೊಳ್ಕಂಡಿದೀಯಾ?”

“ಇಲ್ಲ.”

ನಾಗಮ್ಮ ಕೈ ಚಾಚಿದಳು.