ತಿಥಿ ಊಟದ ಮಾರನೇ ದಿನ

ಸಿದ್ದುವಿನ ಅವ್ವ ಚಿನ್ನಮ್ಮನ ತಿಥಿಗೆ ನಮ್ಮ ಹೆಮ್ಮರಗಾಲದ ಅರ್ಧ ಊರು ಬಂದು ಉಂಡಿತು. ಸಾರಿಗೆ ಉಪ್ಪು ಸಾಲದು ಎಂದವರೂ ಇದ್ದರು. ಕೈ ತೊಳೆದುಕೊಂಡು ಎಲ್ಲರೂ ಬಾಯಿ ಬಿಡದೆ ಎದ್ದು ಹೋದರು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತು. ಸಾವಾದ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬಾರದು. ಅಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಎಂದ ಹಾಗಂತೆ. ಸರಿ, ಯಾರೂ ಅನ್ನಲಿಲ್ಲ. ಮಾರನೇ ದಿನದಿಂದ ಯಾರೂ ಬರಲೂ ಇಲ್ಲ.

ಹಾಗೆ ಎದ್ದು ಹೋದವರಲ್ಲಿ ನಾನೂ ಒಬ್ಬಳು. ಈ ಕಥೆಯನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಅರ್ಧ ಸಿಟ್ಟು ನನ್ನ ಮೇಲೆಯೇ.

ನನ್ನ ಹೆಸರು ಪವಿತ್ರಾ. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಸಿದ್ದುವೂ ಅಲ್ಲೇ, ಇಪ್ಪತ್ತೆರಡು ವಯಸ್ಸು. ಬೋಳಿಸಿದ ತಲೆಯಲ್ಲೇ ಕೆಲಸಕ್ಕೆ ಬಂದ. “ರಜ ಮುಗೀತಲ್ಲ, ಕೈ ಓಡ್ಸು” ಎಂದ ಸೂಪರ್‌ವೈಸರ್. “ಗಂಡ್ಸಾಗಿ ಮೂತಿ ಇಳೆ ಬುಟ್ಕೊಂಡಿದ್ದೀಯಲ್ಲಾ, ಬಾರ್ಲಾ” ಎಂದು ಜೊತೆಯ ಹುಡುಗರು ಬಾರಿಗೆ ಎಳೆದುಕೊಂಡು ಹೋದರು. ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆಯಿತು. ನಾನು ಡಬ್ಬಕ್ಕೆ ಟೇಪ್ ಅಂಟಿಸುತ್ತಾ ಕೂತಿದ್ದೆ.

ಸುಮ್ಮನೆ ಕೂರಲು ನನಗೆ ಯಾವ ಹಕ್ಕೂ ಇರಲಿಲ್ಲ. ಎರಡು ವರ್ಷದ ಹಿಂದೆ ಬನ್ನೂರಿನಲ್ಲಿ ನನ್ನಪ್ಪ ಶಿವಣ್ಣ ತೀರಿಕೊಂಡರು. ತಿಥಿಯ ಮಾರನೇ ದಿನವೇ ನಾನು ಶಿಫ್ಟಿಗೆ ಹೋದೆ. “ವಯಸ್ಸಾಗಿತ್ತು, ಓದ್ರು. ಇನ್ನೆಷ್ಟು ದಿನ ಅಳ್ತೀಯೆ?” ಎಂದರು ಅತ್ತೆ. ಅವತ್ತಿನಿಂದ ಕಾರ್ಖಾನೆಯ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಮೈಮೇಲೆ ಎಚ್ಚರವಿಲ್ಲದೆ ಎರಡು ಸಲ ಬೇರೆ ಊರಿನ ಬಸ್ ಹತ್ತಿ ಕೂತಿದ್ದೆ.

ಆಗ ಬಂದವರು ವಿಶಾಲಮ್ಮ. ನರ್ಸ್ ಆಗಿದ್ದು ನಿವೃತ್ತರಾದವರು, ಮನೆ ಟಿ. ನರಸೀಪುರದಲ್ಲಿ. ಅಪ್ಪನಿಗೆ ಇಂಜೆಕ್ಷನ್ ಕೊಡುತ್ತಿದ್ದವರು ಅವರೇ. ಎರಡು ಬಸ್ ಬದಲಾಯಿಸಿ ಹನ್ನೊಂದು ಗುರುವಾರ ನಮ್ಮ ಮನೆಗೆ ಬಂದರು. ಒಂದು ದಿನವೂ ‘ಸಮಾಧಾನ ಮಾಡ್ಕೊ’ ಅನ್ನಲಿಲ್ಲ. “ನಿಮ್ಮಪ್ಪ ಬೆಳಿಗ್ಗೆ ಎದ್ರೆ ಮೊದ್ಲು ಏನ್ ಮಾಡ್ತಿದ್ರವ್ವಾ?” ಎಂದು ಕೇಳಿ ಕೂತರು, ಅಷ್ಟೇ. ತಲೆಗೆ ಟವೆಲ್ ಸುತ್ತಿಕೊಂಡು ಗದ್ದೆಗೆ ನೀರು ಬಂದಿದೆಯಾ ಎಂದು ನೋಡಲು ಹೋಗುತ್ತಿದ್ದುದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಜೋರಾಗಿ ಅತ್ತೆ. ಅವತ್ತು ಎರಡು ತುತ್ತು ಉಂಡೆ.

ಆಮೇಲೆ ನರಸೀಪುರದಲ್ಲಿ ಅವರ ಗುಂಪಿಗೂ ಹೋದೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಹತ್ತು ಹದಿನೈದು ಜನ ತಿಂಗಳಿಗೊಮ್ಮೆ ಸೇರುತ್ತಾರೆ. ಸತ್ತವರ ಮಾತಾಡುತ್ತಾರೆ, ಅಳು ಬಂದರೆ ಅಳುತ್ತಾರೆ, ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಅವರಿಂದಲೇ ನಾನು ಮನುಷ್ಯಳಾದೆ. ಮನುಷ್ಯಳಾದ ಮೇಲೆ ಅತ್ತ ಹೋಗುವುದನ್ನೇ ಬಿಟ್ಟೆ.

ಚಿನ್ನಮ್ಮನ ತಿಥಿಯಾಗಿ ತಿಂಗಳಾದ ಮೇಲೆ ವಿಶಾಲಮ್ಮನ ಫೋನ್ ಬಂತು.

“ನಿಮ್ಮೂರಲ್ಲಿ ಒಂದು ಸಾವಾಯ್ತಂತಲ್ಲ. ಮಗ ನಿನ್ ಫ್ಯಾಕ್ಟ್ರಿನೇ ಅಂತೆ. ಓಗಿದ್ದ್ಯಾ?”

“ತಿಥಿಗೆ ಓಗಿದ್ದೆ ಕಣಕ್ಕ.”

“ತಿಥಿಗೆ ಎಲ್ರೂ ಓಯ್ತಾರೆ. ಆಮೇಲೆ?”

“ಆಮೇಲೆ ಓಗೋಕಾಗ್ನಿಲ್ಲ ಕಣಕ್ಕ.”

“ನಾನು ನಿಮ್ಮನೆಗೆ ಬಂದಿದ್ದು ನೀನು ನಂಗೆ ಸೀರೆ ಉಡುಸ್ಲಿ ಅಂತಲ್ಲ ಕಣವ್ವಾ. ನಾಳೆ ನೀನು ಇನ್ನೊಬ್ರ ಮನೆಗೆ ಓಗ್ತೀಯ ಅಂತ ಬಂದೆ.” ಫೋನ್ ಇಟ್ಟುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಎರಡು ಶಿಫ್ಟು, ಮನೆ, ಮಕ್ಕಳು, ಇವರಿಗೇನು ಗೊತ್ತು ಎಂದು ಗೊಣಗಿಕೊಂಡೆ.

ಮಾರನೇ ದಿನ ಊಟದ ಹೊತ್ತಿಗೆ ಶೆಡ್ಡಿನ ಹಿಂದೆ ಸಿದ್ದು ಒಬ್ಬನೇ ಕೂತಿದ್ದ. ಕ್ಯಾರಿಯರ್ ಬಿಚ್ಚಿದ, ಒಳಗೆ ನೋಡಿದ, ಮುಚ್ಚಿದ. ಎದ್ದು ಹೋಗಿ ನಲ್ಲಿಯಲ್ಲಿ ತೊಳೆದ. ಮೂರು ಡಬ್ಬಿಯೂ ಖಾಲಿ.

“ಏನ್ಲಾ ಇದು?” ಎಂದೆ.

“ಕ್ಯಾರಿಯರ್ ಇಲ್ದೆ ಬಂದ್ರೆ ಎಲ್ರೂ ಕೇಳ್ತಾರೆ ಕಣಕ್ಕ. ಅದುಕ್ಕೆ ತತ್ತೀನಿ.” ತೊಳೆದ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಅಂದ, “ಯಾಕಾದ್ರೂ ಇದ್ದೀನೋ ಅನ್ನುಸ್ತದೆ.”

ಒಂದು ತಿಂಗಳು. ನನ್ನಿಂದ ಹತ್ತು ಮಾರು ದೂರದಲ್ಲಿ ಈ ಹುಡುಗ ಖಾಲಿ ಡಬ್ಬಿ ತೊಳೆಯುತ್ತಿದ್ದ. ಅವತ್ತು ನನ್ನ ಡಬ್ಬಿಯನ್ನು ಅವನ ಮುಂದಿಟ್ಟು, ಉಣ್ಣುವ ತನಕ ಅಲ್ಲಾಡಲಿಲ್ಲ.

ಸಂಜೆ ಸಿದ್ದುವಿನ ಮನೆಗೆ ಹೊರಟೆ. ನನ್ನ ಗಂಡ ಮಹಾದೇವಸ್ವಾಮಿ ಅಡ್ಡ ನಿಂತರು.

“ತಿಥಿ ಮುಗುದ್ಮೇಲೆ ಸಾವಾದ್ ಮನೆಗೆ ಇನ್ಯಾಕಮ್ಮಿ? ಕೂತ್ಕೊಂಡು ಅಳೋದೂ ಒಂದು ಕೆಲ್ಸವಾ?”

“ವಿಶಾಲಮ್ಮ ನಂಗೆ ಹನ್ನೊಂದು ವಾರ ಅದುನ್ನೇ ಮಾಡುದ್ರಲ್ಲ, ಆಗ ಕೆಲ್ಸ ಆಗಿತ್ತಾ? ನಾನು ಉಣ್ಣೋಕೆ ಶುರು ಮಾಡ್ದಾಗ ನೀವೇ ಅವ್ರಿಗೆ ಕೈ ಮುಗುದ್ರಿ. ಈಗ ಆ ಹುಡ್ಗ ಸತ್ರೆ ಅವನ ತಿಥಿಗೂ ಓಗಿ ಉಂಡ್ಕೊಂಡು ಬರಣ ಬನ್ನಿ.”

ಅವರು ಅಂಗಿ ಹಾಕಿಕೊಂಡು ಹಿಂದೆಯೇ ಬಂದರು.

ಸಿದ್ದುವಿನ ಅಪ್ಪ ಪುಟ್ಟಬಸವಯ್ಯ ಜಗಲಿಯಲ್ಲಿ ಕೂತಿದ್ದರು. “ಈಗ್ಯಾಕವ್ವಾ ಬಂದ್ರಿ? ಗಂಡು ಹುಡ್ಗ, ತಾನಾಗೇ ಸರಿ ಓಯ್ತಾನೆ.”

“ನೀವು ಸರಿ ಓಗಿದ್ದೀರಾ ಮಾವ?”

ಅವರು ಎದ್ದು ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಸಿದ್ದುವಿನ ಪಕ್ಕ ಚಾಪೆಯ ಮೇಲೆ ಎಲ್ಲರೂ ಕೂತೆವು. ನಾನು ಬೇರೇನೂ ಕೇಳಲಿಲ್ಲ. “ಸಿದ್ದು, ನಿಮ್ಮವ್ವ ಕ್ಯಾರಿಯರ್ ಹೆಂಗೆ ತುಂಬ್ತಿದ್ರು, ಹೇಳು” ಎಂದೆ.

ಅವನು ಮೂಲೆಯಲ್ಲಿದ್ದ ಕ್ಯಾರಿಯರನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ. “ತಳದ್ ಡಬ್ಬಿಲಿ ಮುದ್ದೆ. ನಡೂಕೆ ಉಳ್ಳಿಕಾಳು ಸಾರು. ಮೇಲಿನ್ ಡಬ್ಬಿಲಿ ಒಂಚೂರು ಅನ್ನ ಮೊಸ್ರು. ಅನ್ನದ ಮ್ಯಾಲೆ ಉಪ್ಪಿನ್ಕಾಯಿ ಇಟ್ರೆ ನಂಗಾಗಲ್ಲ ಅಂತ, ಎಲೆ ಚೂರಲ್ಲಿ ಸುತ್ತಿ ಇಡೋಳು.” ಅಷ್ಟು ಹೇಳಿ ಗೊಳೋ ಎಂದು ಅತ್ತ.

“ಅಳ್ಬ್ಯಾಡ ಕಣ್ಲಾ, ಗಂಡ್ಸು” ಎಂದು ಪುಟ್ಟಬಸವಯ್ಯ ಎದ್ದರು. ನನ್ನ ಗಂಡ ಅವರ ಕೈ ಹಿಡಿದು ಕೂರಿಸಿದರು.

“ಬುಡಿ ಮಾವ, ಅಳ್ಲಿ. ನಮ್ಮಪ್ಪ ತೀರ್ಕೊಂಡಾಗ ನಂಗೆ ಹತ್ತೊಂಬತ್ತು. ಮನೆಗೆ ದೊಡ್ಡವನು, ಅಳ್ಬೇಡ ಅಂದ್ರು. ಅಳ್ನಿಲ್ಲ. ಇವತ್ತಿಗೂ ಇಲ್ಲೇ ಕೂತದೆ.” ಎದೆ ಮುಟ್ಟಿ ತೋರಿಸಿದರು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದೆ, ಈ ಮಾತನ್ನು ನಾನು ಕೇಳಿದ್ದು ಅವತ್ತೇ. ಪುಟ್ಟಬಸವಯ್ಯನೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡೆ. ರೂಢಿ ನೋಡಿ, ನನ್ನ ಬಾಯಿಂದ ಮಾತೇ ಬರಲಿಲ್ಲ. ಹೊಸ್ತಿಲಲ್ಲಿ ತಿರುಗಿ ನಿಂತವರು ನನ್ನ ಗಂಡ.

“ಗುರುವಾರ ಬತ್ತೀವಿ ಕಣ್ಲಾ ಸಿದ್ದು. ಮನೇಲಿರು.”

ಗುರುವಾರ ಹೋದೆವು. ಅದರ ಮುಂದಿನ ಗುರುವಾರವೂ ಹೋದೆವು. ಸಿದ್ದು ಈಗ ನರಸೀಪುರದ ಗುಂಪಿಗೆ ನಮ್ಮ ಜೊತೆ ಬರುತ್ತಾನೆ. ಅವನ ದುಃಖವೇನೂ ಮಾಯವಾಗಿಲ್ಲ. ಆದರೆ ಅಪ್ಪ ಮಗ ಸೇರಿ ಬೆಳಿಗ್ಗೆ ಮುದ್ದೆ ತಿರುವುತ್ತಾರೆ, ಸಿದ್ದು ಕ್ಯಾರಿಯರ್ ತುಂಬಿಕೊಂಡು ಕೆಲಸಕ್ಕೆ ಬರುತ್ತಾನೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಇತ್ತೀಚೆಗೆ ಒಂದು ತಿಥಿಗೆ ಹೋಗಿ ಉಂಡು ಬಂದಿರುತ್ತೀರಿ. ಆ ಮನೆಯಲ್ಲಿ ಈಗ ಯಾರು ಉಣ್ಣುತ್ತಿಲ್ಲ ಎಂದು ನಿಮಗೆ ಗೊತ್ತಿದೆಯಾ? ಬುದ್ಧಿ ಹೇಳಲು ಹೋಗಬೇಡಿ, ಸತ್ತವರ ಒಂದು ಮಾತು ಕೇಳಿ, ಅಳಲು ಬಿಡಿ. ಬದುಕುವುದೇ ಬೇಡ ಎಂಬ ಮಾತು ಕಿವಿಗೆ ಬಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕೂತಲ್ಲಿಂದಲೇ ಫೋನ್ ಮಾಡಿ. ನಿಮ್ಮ ದುಃಖದಲ್ಲಿ ಯಾರಾದರೂ ನಿಮ್ಮ ಪಕ್ಕ ಕೂತಿದ್ದರೆ, ಈಗ ಕೂರುವ ಸರದಿ ನಿಮ್ಮದು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಮತ್ತೆ ಯಾವ ದಿನ ಬರುತ್ತೀರಿ ಎಂದು ಬಾಯಿ ಬಿಟ್ಟು ಹೇಳಿ. ಹೇಳಿದ ದಿನ ಹೋಗಿ.